ಮೊದಲ ಸುತ್ತಿನಲ್ಲೇ ಮುಗಿಯುವ ಆಟಗಳಿಗೊಂದು ಪಾಡ್‌ಕಾಸ್ಟ್

ಮಳೆಗಾಲದ ನಡುವಿನಿಂದ ದೀಪಾವಳಿಯ ಆಸುಪಾಸಿನವರೆಗೆ ನಮ್ಮ ಕಡೆಯ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಅಚ್ಚಾಗುತ್ತದೆ. ವಲಯ ಮಟ್ಟದ ಪ್ರೌಢಶಾಲಾ ಬಾಲಕ ಬಾಲಕಿಯರ ತ್ರೋಬಾಲ್ ಪಂದ್ಯಾಟವನ್ನು ಇಂಥವರು ತೆಂಗಿನಕಾಯಿ ಒಡೆದು ಉದ್ಘಾಟಿಸಿದರು, ಇಂಥವರು ಅಧ್ಯಕ್ಷತೆ ವಹಿಸಿದ್ದರು, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಹಳೆ ವಿದ್ಯಾರ್ಥಿ ಸಂಘದ ಗೌರವಾಧ್ಯಕ್ಷರು, ಶಾಮಿಯಾನದ ಖರ್ಚು ವಹಿಸಿಕೊಂಡ ದಾನಿಗಳು ಮುಖ್ಯ ಅತಿಥಿಗಳಾಗಿದ್ದರು, ಮುಖ್ಯೋಪಾಧ್ಯಾಯರು ಸ್ವಾಗತಿಸಿದರು, ಕನ್ನಡ ಶಿಕ್ಷಕಿ ನಿರೂಪಿಸಿದರು, ಇನ್ಯಾರೋ ವಂದಿಸಿದರು. ಫಲಿತಾಂಶ ಕೊನೆಯ ಸಾಲಿನಲ್ಲಿರುತ್ತದೆ, ಅದೂ ಶಾಲೆಯ ಹೆಸರಿನಲ್ಲಿ. ಆಡಿದವರ ಪೈಕಿ ಒಬ್ಬಳ ಹೆಸರೂ ಅಲ್ಲಿರುವುದಿಲ್ಲ. ಚಿತ್ರದಲ್ಲಿ ನೋಡೋಣವೆಂದರೆ ಮುಂದಿನ ಸಾಲಿನ ಕುರ್ಚಿಗಳಲ್ಲಿ ಅತಿಥಿಗಳು ಕುಳಿತಿರುತ್ತಾರೆ, ಹಿಂದೆ ನಿಂತ ಹುಡುಗಿಯರ ಮುಖಗಳು ಅರ್ಧ ಕತ್ತರಿಸಿಹೋಗಿರುತ್ತವೆ, ಟ್ರೋಫಿ ಮಾತ್ರ ಪೂರ್ತಿ ಕಾಣುತ್ತದೆ.

ಇದಕ್ಕೆ ವರದಿಗಾರರನ್ನು ದೂರುವುದರಲ್ಲಿ ಅರ್ಥವಿಲ್ಲ. ಸಂಘಟಕರು ಕೊಟ್ಟ ಚೀಟಿಯಲ್ಲಿ ಇರುವುದು ವೇದಿಕೆಯ ಮೇಲಿದ್ದವರ ಹೆಸರುಗಳು ಮಾತ್ರ, ಸಿಗುವ ಜಾಗ ಒಂದು ಗೇಣಿನಷ್ಟು, ಮತ್ತು ಯಾರ ಹೆಸರು ಬಿಟ್ಟುಹೋದರೆ ಮುನಿಸು ಹುಟ್ಟುತ್ತದೋ ಅವರ ಹೆಸರನ್ನು ಮೊದಲು ಬರೆಯುವುದು ಆ ವೃತ್ತಿಯ ಇಕ್ಕಟ್ಟು. ಒಂಬತ್ತನೇ ತರಗತಿಯ ಹುಡುಗಿ ತನ್ನ ಹೆಸರು ಬರಲಿಲ್ಲವೆಂದು ಮರುದಿನ ಯಾರಿಗೂ ಫೋನ್ ಮಾಡುವುದಿಲ್ಲ. ಆದರೂ ಇಂಥ ಸುದ್ದಿಗಳನ್ನು ವರ್ಷವರ್ಷವೂ ಓದಿ ಹುಟ್ಟಿದ ಕಿರಿಕಿರಿಯಿಂದಲೇ ನಾನೂ ನನ್ನ ಗೆಳೆಯನೊಬ್ಬನೂ ಉಡುಪಿ ಜಿಲ್ಲೆಯ ಪ್ರೌಢಶಾಲಾ ಕ್ರೀಡೆಗಳ ಕುರಿತು ಪಾಡ್‌ಕಾಸ್ಟ್ ಮಾಡಲು ಹೊರಟೆವು. ಗೆಳೆಯ ಧ್ವನಿಮುದ್ರಣ ಬಲ್ಲವನು; ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆಯ ಕೂಟಗಳನ್ನು ಮುದ್ರಿಸಿಟ್ಟುಕೊಳ್ಳುವುದು ಅವನ ಹಳೆಯ ಹವ್ಯಾಸ. ನಾನು ಹೈಸ್ಕೂಲಿನಲ್ಲಿ ಖೋ ಖೋ ಆಡಿದವಳು. ಈಗ ಬ್ಯಾಂಕಿನಲ್ಲಿ ಕುಳಿತು ಅಂಕಿಗಳನ್ನು ನೋಡುವ ನನಗೆ ಮೈದಾನದ ಸಂಬಂಧ ಉಳಿದಿರುವುದು ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣದ ಬದಿಯ ರಸ್ತೆಯಲ್ಲಿ ನಿತ್ಯ ಓಡಾಡುವಷ್ಟಕ್ಕೆ.

ಶಾಲಾ ಕ್ರೀಡೆಯ ಏಣಿ ನಮ್ಮವರಿಗೆಲ್ಲ ಗೊತ್ತಿರುವಂಥದ್ದೇ: ವಲಯ, ತಾಲ್ಲೂಕು, ಜಿಲ್ಲೆ, ಆಮೇಲೆ ಎಂಟು ಜಿಲ್ಲೆಗಳ ಮೈಸೂರು ವಿಭಾಗ, ರಾಜ್ಯ, ಅದನ್ನೂ ದಾಟಿದವರಿಗೆ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ರಾಷ್ಟ್ರೀಯ ಕೂಟ. ಹೊರಗಿನಿಂದ ನೋಡುವವರ ಕಣ್ಣು ಸಹಜವಾಗಿಯೇ ಏಣಿಯ ಮೇಲ್ತುದಿಯ ಕಡೆಗೆ ಹೋಗುತ್ತದೆ. ಆದರೆ ಕೆಳಗಿನ ಮೆಟ್ಟಿಲಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಗುಂಪು ಆಟಗಳು ಬಹುಮಟ್ಟಿಗೆ ನಾಕೌಟ್ ಪದ್ಧತಿಯಲ್ಲಿ ನಡೆಯುತ್ತವೆ. 16 ತಂಡಗಳು ಸೇರಿದವೆಂದು ಇಟ್ಟುಕೊಂಡರೆ ಒಟ್ಟು ನಡೆಯುವುದು 15 ಪಂದ್ಯ, ಅವುಗಳಲ್ಲಿ ಮೊದಲ ಸುತ್ತಿನಲ್ಲೇ 8 ಶಾಲೆಗಳು ಊಟಕ್ಕೆ ಮುಂಚೆಯೇ ಚೀಲ ಕಟ್ಟುತ್ತವೆ. ಜೂನ್ ತಿಂಗಳಿನಿಂದ ಸಂಜೆಯ ಗಂಟೆ ಹೊಡೆದ ಮೇಲೆ ಕೆಸರಿನಲ್ಲಿ ಅಭ್ಯಾಸ ಮಾಡಿ, ಮನೆಯವರನ್ನು ಒಪ್ಪಿಸಿ, ಜೆರ್ಸಿಗೆ ದಾನಿಗಳನ್ನು ಹುಡುಕಿ ಬಂದ ಅರ್ಧದಷ್ಟು ಮಕ್ಕಳ ಇಡೀ ವರ್ಷದ ಕ್ರೀಡೆ ಅರ್ಧ ತಾಸಿನಲ್ಲಿ ತೀರಿಹೋಗುತ್ತದೆ. ಗೆದ್ದವರನ್ನೇ ಹಿಂಬಾಲಿಸಿ ಹೋದರೆ ನಮ್ಮ ಪಾಡ್‌ಕಾಸ್ಟ್ ಒಂದೆರಡು ತಿಂಗಳಲ್ಲಿ ಜಿಲ್ಲೆಯನ್ನೇ ಬಿಟ್ಟು ಘಟ್ಟ ಹತ್ತಬೇಕಾಗುತ್ತಿತ್ತು. ಹಾಗಾಗಿ ಒಂದು ಪಂದ್ಯ, ಒಂದು ಶಾಲೆ, ಆದಷ್ಟು ಮಟ್ಟಿಗೆ ಆ ದಿನ ಸೋತು ಹೊರಟ ಶಾಲೆ, ಎಂಬ ನಿಯಮವನ್ನು ನಾವೇ ಹಾಕಿಕೊಂಡೆವು. ಕೇಳಿದವರಿಗೆ ಇದು ಹುಚ್ಚು ನಿಯಮವಾಗಿ ಕಂಡಿತು. ಒಬ್ಬ ಮುಖ್ಯೋಪಾಧ್ಯಾಯರಂತೂ, ‘ಗೆದ್ದ ಮೇಲೆ ಬನ್ನಿ, ಆಗ ಕಾರ್ಯಕ್ರಮವೇ ಮಾಡುವ’ ಎಂದು ಬಹಳ ಪ್ರೀತಿಯಿಂದಲೇ ಹೇಳಿ ಕಳುಹಿಸಿದರು.

ಮೈಕ್ ಕಂಡಾಗ ಬದಲಾಗುವ ಮಾತು

ಸಲಕರಣೆಯ ಚಿಂತೆ ನಾವು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಮೊಬೈಲಿಗೆ ಜೋಡಿಸುವ ಅಂಗಿಯ ಮೈಕ್, ಅದಕ್ಕೆ ಗಾಳಿ ತಡೆಯುವ ತುಪ್ಪುಳದ ಹೊದಿಕೆ, ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ, ಇವಿಷ್ಟರಲ್ಲಿ ಕೆಲಸ ನಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಶಾಲೆಗಳಲ್ಲಿ ಟಿಪ್ಪರ್‌ಗಳ ಸದ್ದು, ಒಳನಾಡಿನ ಶಾಲೆಗಳಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು, ಎರಡನ್ನೂ ಪೂರ್ತಿ ತೆಗೆಯುವುದು ಸಾಧ್ಯವಿಲ್ಲ. ಆಗಸ್ಟ್ ತಿಂಗಳಿನಲ್ಲಿ ಉಡುಪಿಯಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಮಳೆಯೇ ಇಲ್ಲದಿದ್ದರೆ ಕೇಳುವವರಿಗೇ ಅನುಮಾನ ಬರುತ್ತದೆಂದು ಗೆಳೆಯ ವಾದಿಸಿದ, ನಾನೂ ಒಪ್ಪಿದೆ. ಮಾತುಕತೆಗಳನ್ನು ಮಾತ್ರ ಕಾರಿನೊಳಗೆ ಕಿಟಕಿ ಏರಿಸಿಕೊಂಡು ಮುದ್ರಿಸುತ್ತೇವೆ. ಆಸನಗಳ ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುವುದರಿಂದ ಬಾಡಿಗೆಯ ಸ್ಟುಡಿಯೋಗಳಿಗಿಂತ ಕಡಿಮೆಯೇನೂ ಅಲ್ಲದ ಧ್ವನಿ ಅಲ್ಲಿ ಸಿಗುತ್ತದೆ.

ನಿಜವಾದ ತೊಡಕು ಎದುರಾದದ್ದು ಮಕ್ಕಳು ಬಾಯಿ ತೆರೆದಾಗ. ಕಾಪು ಕಡೆಯ ಒಂದು ಶಾಲೆಯ ಮೈದಾನದಲ್ಲಿ ಬಾಲಕಿಯರ ಕಬಡ್ಡಿ ನಡೆಯುತ್ತಿತ್ತು. ಹಿಂದಿನ ರಾತ್ರಿಯ ಮಳೆಗೆ ಅಂಕಣದ ಕೆಂಪು ಮಣ್ಣು ಮೆತ್ತಗಾಗಿ, ಗೆರೆಗಳನ್ನು ಸುಣ್ಣದ ಪುಡಿಯಿಂದ ಮೂರು ಮೂರು ಸಲ ಎಳೆದಿದ್ದರು. ಸೋತ ತಂಡದ ರೈಡರ್, ಹತ್ತನೇ ತರಗತಿಯ ಹುಡುಗಿ, ಬರಿಗಾಲಿನಲ್ಲಿ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡೇ ಬಂದು ಕಾರಿನ ಬಾಗಿಲಿನ ಬಳಿ ನಿಂತಳು. ಆಟದುದ್ದಕ್ಕೂ ಅವಳ ಬಾಯಿ ಸುಮ್ಮನಿರಲಿಲ್ಲ. ಜತೆಯವರನ್ನು ತುಳುವಿನಲ್ಲಿ ಬಯ್ಯುತ್ತ, ನಗಿಸುತ್ತ, ಅಂಪೈರ್ ಜತೆ ವಾದಕ್ಕಿಳಿಯುತ್ತ ಇಡೀ ಅಂಕಣವನ್ನು ಅವಳೇ ನಡೆಸುತ್ತಿದ್ದಂತಿತ್ತು. ಮೈಕನ್ನು ಅಂಗಿಗೆ ಸಿಕ್ಕಿಸಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ‘ನನಗೆ ಈ ಅವಕಾಶವನ್ನು ಕಲ್ಪಿಸಿಕೊಟ್ಟ ಮಾನ್ಯ ಮುಖ್ಯೋಪಾಧ್ಯಾಯರಿಗೆ, ದೈಹಿಕ ಶಿಕ್ಷಣ ಶಿಕ್ಷಕರಿಗೆ, ಎಲ್ಲ ಶಿಕ್ಷಕ ವೃಂದದವರಿಗೆ, ನನ್ನ ಹೆತ್ತವರಿಗೆ ತುಂಬು ಹೃದಯದ ಧನ್ಯವಾದಗಳನ್ನು ಅರ್ಪಿಸುತ್ತೇನೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ನಿಲ್ಲಿಸಿದಳು. ಪತ್ರಿಕೆಯ ವರದಿಯಲ್ಲಿ ಅವಳಿಗೆ ಜಾಗ ಕೊಡದ ಅದೇ ವೇದಿಕೆಯ ಭಾಷೆಯನ್ನು ಅವಳು ತಾನಾಗಿಯೇ ತೊಟ್ಟುಕೊಂಡಿದ್ದಳು. ಹೇಗನಿಸಿತು ಎಂದು ಕೇಳಿದರೆ ಖುಷಿಯಾಯಿತು ಎಂದಳು. ಸೋತದ್ದಕ್ಕೆ ಎಂದು ಕೇಳಿದರೆ ಸೋಲೇ ಗೆಲುವಿನ ಸೋಪಾನ ಎಂದಳು.

ಅಷ್ಟು ಹೊತ್ತು ಕೇಬಲ್ ಸುತ್ತುತ್ತ ಸುಮ್ಮನಿದ್ದ ಗೆಳೆಯ ನಡುವೆ ಬಾಯಿ ಹಾಕಿ, ದ್ವಿತೀಯಾರ್ಧದ ಒಂದು ರೈಡಿನಲ್ಲಿ ಬೋನಸ್ ಗೆರೆ ದಾಟಿದ ಮೇಲೂ ಅವಳು ಹಿಂದಿರುಗದೆ ಒಳಗೇ ಉಳಿದದ್ದು ಯಾಕೆಂದು ತುಳುವಿನಲ್ಲಿ ಕೇಳಿದ. ಎದುರಾಳಿಗಳು ಆರು ಅಥವಾ ಏಳು ಮಂದಿ ಅಂಕಣದಲ್ಲಿದ್ದರೆ ಮಾತ್ರ ಆ ಗೆರೆಗೆ ಅಂಕವಿರುವುದು. ಅವಳಿಗೆ ಅಂಕ ಸಿಕ್ಕಾಗಿತ್ತು, ತಿರುಗಿ ಬಂದಿದ್ದರೆ ಸಾಕಿತ್ತು, ಉಳಿದು ಸಿಕ್ಕಿಬಿದ್ದಳು. ಹುಡುಗಿ ಅವನನ್ನು ಒಂದು ಕ್ಷಣ ನೋಡಿದಳು, ಈತ ಆಟ ನೋಡಿದ್ದಾನೆ ಎಂಬುದು ಖಾತ್ರಿಯಾದ ಮೇಲೆ ಬೆನ್ನು ಸಡಿಲಿಸಿ ಕಾರಿನ ಬಾಗಿಲಿಗೆ ಒರಗಿ ತುಳುವಿನಲ್ಲೇ ಶುರುಮಾಡಿದಳು. ಎಡ ಕಾರ್ನರಿನ ಹುಡುಗಿ ಎತ್ತರದವಳು, ಆದರೆ ಅವಳ ಹಿಂಗಾಲು ನಿಂತ ಜಾಗ ಹೊಂಡವಾಗಿ ನೀರು ನಿಂತಿತ್ತು, ಎರಡು ಸಲ ಅವಳು ಮುಂದೆ ನುಗ್ಗಲು ಹೋಗಿ ಕಾಲು ಜಾರಿದ್ದನ್ನು ತಾನು ನೋಡಿದ್ದೆ, ಹಾಗಾಗಿ ಅವಳನ್ನು ಕೆಣಕಿ ಮೂರನೆಯ ಸಲವೂ ಜಾರುವಂತೆ ಮಾಡಿ ಮುಟ್ಟಿ ಓಡಬೇಕೆಂದಿದ್ದೆ, ಆದರೆ ಆ ಹುಡುಗಿ ಜಾರುವ ಕಾಲನ್ನೇ ನಂಬಿ ನಿಂತಲ್ಲಿಂದಲೇ ಬಿದ್ದು ಪಾದ ಹಿಡಿದಳು, ಅವಳು ಬೇಕೆಂದೇ ಬಿದ್ದಳೋ ಜಾರಿಯೇ ಬಿದ್ದಳೋ ಎಂಬುದು ತನಗೆ ಈಗಲೂ ತಿಳಿದಿಲ್ಲ, ಅವಳನ್ನೇ ಕೇಳಬೇಕು. ನಿಲ್ಲದೆ ಹರಿದ ಆ ಮಾತಿನಲ್ಲಿ ಎದುರಾಳಿಯ ಕಾಲು, ಮಣ್ಣಿನ ಹದ, ಉಳಿದಿದ್ದ ಸಮಯ, ತನ್ನ ತಂಡದಲ್ಲಿ ಹೊರಗೆ ಕುಳಿತಿದ್ದವರ ಸಂಖ್ಯೆ ಎಲ್ಲವೂ ಲೆಕ್ಕಕ್ಕಿದ್ದವು.

ಅಂದಿನಿಂದ ಅನಿಸಿಕೆ ಕೇಳುವುದನ್ನು ಬಿಟ್ಟು, ಆಟದೊಳಗಿನ ಒಂದು ನಿರ್ದಿಷ್ಟ ಕ್ಷಣವನ್ನು ಹಿಡಿದು ಕೇಳುವುದನ್ನೇ ರೂಢಿ ಮಾಡಿಕೊಂಡೆವು. ಇದಕ್ಕೆ ಪಂದ್ಯವನ್ನು ಪೂರ್ತಿ ನೋಡಬೇಕಾಗುತ್ತದೆ, ಉದ್ಘಾಟನೆ ಮುಗಿಸಿ ಹೊರಡುವವರಿಗೆ ಆಗದ ಕೆಲಸ ಅದು. ಭಾಷೆಯ ವಿಷಯದಲ್ಲೂ ಒಂದು ತೀರ್ಮಾನಕ್ಕೆ ಬಂದೆವು: ಮಗು ತುಳುವಿನಲ್ಲಿ ಹೇಳಿದರೆ ತುಳುವೇ ಇರಲಿ, ಬೈಂದೂರಿನ ಹುಡುಗ ಕುಂದಾಪುರ ಕನ್ನಡದಲ್ಲಿ ಹೇಳಿದರೆ ಅದೇ ಇರಲಿ, ಬ್ಯಾರಿ ಭಾಷೆಯಾದರೂ ಸರಿ, ಕೊಂಕಣಿಯಾದರೂ ಸರಿ, ನಿರೂಪಣೆ ಕನ್ನಡದಲ್ಲಿ, ಬೇಕಾದ ಕಡೆ ಎರಡು ವಾಕ್ಯದ ತಾತ್ಪರ್ಯ. ಶಾಲೆಯವರು ಕೆಲವರು ಇದನ್ನು ಮೆಚ್ಚಲಿಲ್ಲ. ಮಕ್ಕಳು ಶುದ್ಧವಾಗಿ ಮಾತಾಡಲು ಬಲ್ಲರೆಂಬುದನ್ನು ಕೇಳುಗರಿಗೆ ತೋರಿಸಬೇಕೆಂಬುದು ಅವರ ಆಸೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ಅದಕ್ಕೆ ಭಾಷಣ ಸ್ಪರ್ಧೆ ಬೇರೆಯೇ ಇದೆ.

ಕಿವಿಗೆ ಸಿಗುವ ಆಟಗಳು

ಧ್ವನಿಯಲ್ಲಿ ಆಟವನ್ನು ತೋರಿಸುವುದೆಂದರೆ ಏನು ಎಂಬ ಪ್ರಶ್ನೆಯನ್ನು ನಾವು ಮೊದಲು ವೀಕ್ಷಕ ವಿವರಣೆಯ ಪ್ರಶ್ನೆಯೆಂದೇ ತಿಳಿದಿದ್ದೆವು. ನಮ್ಮ ಊರುಗಳ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಧ್ವನಿವರ್ಧಕ ಹಿಡಿದ ಉದ್ಘೋಷಕರು ಆಟಕ್ಕಿಂತ ಮುಂದೆ ಓಡುವ ಮಾತುಗಾರರು, ಅವರ ಕೌಶಲದ ಮೇಲೆ ನನಗೆ ಗೌರವವಿದೆ. ಆದರೆ ಪ್ರೌಢಶಾಲಾ ಪಂದ್ಯವೊಂದಕ್ಕೆ ಆ ಶೈಲಿಯನ್ನು ತಂದರೆ ಮಕ್ಕಳ ಸದ್ದೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಕೇಳುತ್ತ ಕೇಳುತ್ತ ಗಮನಕ್ಕೆ ಬಂದದ್ದೇನೆಂದರೆ, ನಮ್ಮ ಶಾಲಾ ಆಟಗಳ ಪೈಕಿ ಎರಡರಲ್ಲಿ ಧ್ವನಿ ನಿಯಮದ ಭಾಗವೇ ಆಗಿದೆ. ಕಬಡ್ಡಿಯಲ್ಲಿ ರೈಡರ್ ಎದುರಾಳಿಯ ಅಂಕಣಕ್ಕೆ ಕಾಲಿಡುವ ಮುನ್ನವೇ ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಎನ್ನಲು ಆರಂಭಿಸಬೇಕು, ಅದು ಅಂಪೈರ್‌ಗೆ ಕೇಳಿಸುವಷ್ಟು ಸ್ಪಷ್ಟವಾಗಿರಬೇಕು, ಕಡಿದರೆ ರೈಡ್ ಹೋಯಿತು. ಖೋ ಖೋದಲ್ಲಿ ಬೆನ್ನು ಮುಟ್ಟಿದರಷ್ಟೇ ಸಾಲದು, ‘ಖೋ’ ಎಂದು ಗಟ್ಟಿಯಾಗಿ ಹೇಳಬೇಕು. ಮುಟ್ಟದೆ ಹೇಳಿದರೂ ಫೌಲ್, ಹೇಳದೆ ಎಬ್ಬಿಸಿದರೂ ಫೌಲ್. ಕುಳಿತ ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಅತ್ತ ಇತ್ತ ಮುಖ ಮಾಡಿಕೊಂಡಿರುವುದರಿಂದ ಆ ಕೂಗು ಯಾವ ಬದಿಗೆ ಹೊರಳುತ್ತಿದೆ ಎಂಬುದರಲ್ಲೇ ಬೆನ್ನಟ್ಟುವಿಕೆಯ ದಿಕ್ಕು ಇರುತ್ತದೆ. ನಾಲ್ಕಾರು ಖೋಗಳು ಸಾಲಾಗಿ ಸಮ ಅಂತರದಲ್ಲಿ ಬಂದರೆ ಓಡುವವಳು ಕುಳಿತವರ ನಡುವೆ ಅಂಕುಡೊಂಕಾಗಿ ನುಸುಳುವ ಸರಪಳಿ ಓಟದಲ್ಲಿದ್ದಾಳೆ, ಅಂತರ ತಟ್ಟನೆ ಕುಗ್ಗಿದರೆ ಅವಳು ಕಂಬದ ಬಳಿ ಸಿಕ್ಕಿಕೊಂಡಿದ್ದಾಳೆ. ಆಡಿದವರ ಕಿವಿಗೆ ಇದು ಕಣ್ಣು ಮುಚ್ಚಿದರೂ ತಿಳಿಯುತ್ತದೆ. ನಿರೂಪಣೆಯಿಲ್ಲದೆ ಒಂದು ಇಡೀ ಇನ್ನಿಂಗ್ಸನ್ನು ಅಂಕಣದ ಎರಡು ಕಂಬಗಳ ಬಳಿ ಇಟ್ಟ ಎರಡು ಫೋನುಗಳಲ್ಲಿ ಮುದ್ರಿಸಿ, ಒಂದನ್ನು ಎಡಕಿವಿಗೂ ಇನ್ನೊಂದನ್ನು ಬಲಕಿವಿಗೂ ಹಾಕಿ ಕೇಳಿಸಿದಾಗ ನನ್ನ ಹಳೆಯ ತಂಡದ ಗೆಳತಿಯೊಬ್ಬಳು ಓಡುತ್ತಿದ್ದವಳು ಔಟಾಗುವ ಮೊದಲೇ ‘ಹೋಯ್ತು’ ಎಂದಳು.

ತ್ರೋಬಾಲ್ ಹಾಗಲ್ಲ. ಕರಾವಳಿಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಬಹುಶಃ ಅಷ್ಟೇ ಪ್ರಿಯವಾದ ಆಟ, ಆದರೆ ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎಸೆಯುವ ಆ ಚುರುಕು ಧ್ವನಿಯಲ್ಲಿ ಬರೀ ಧಪ್ ಧಪ್ ಎಂದು ಕೇಳಿಸುತ್ತದೆ. ಅದಕ್ಕೆ ಮಾತು ಬೇಕೇ ಬೇಕು. ಎತ್ತರ ಜಿಗಿತವಂತೂ ಮುದ್ರಣಕ್ಕೆ ಸಿಗುವುದೇ ಇಲ್ಲ. ಓಟದ ಹೆಜ್ಜೆ, ಆಮೇಲೆ ಏನೂ ಇಲ್ಲ, ಆಮೇಲೆ ಹಾಸಿಗೆಯ ಮೇಲೆ ಬಿದ್ದ ಸದ್ದು, ಪಟ್ಟಿ ಬಿತ್ತೋ ಉಳಿಯಿತೋ ಎಂಬುದನ್ನು ಸುತ್ತಲಿನ ಮಕ್ಕಳ ಕೂಗಿನಿಂದ ಊಹಿಸಬೇಕು.

ತಾಳಮದ್ದಲೆಯ ಪ್ರಸ್ತಾಪವನ್ನು ಗೆಳೆಯ ಆಗಾಗ ತರುತ್ತಾನೆ, ಅವನ ಮಾತಿನಲ್ಲಿ ಹುರುಳಿದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ಮಾತು. ಕರ್ಣ ಸಾಯುತ್ತಾನೆಂಬುದು ಕೂಟಕ್ಕೆ ಬಂದ ಪ್ರತಿಯೊಬ್ಬನಿಗೂ ಗೊತ್ತು, ಆದರೂ ಶಲ್ಯ ಮತ್ತು ಕರ್ಣರ ನಡುವಿನ ವಾದ ಇಂದು ಹೇಗೆ ಬೆಳೆಯುತ್ತದೆಂದು ಕೇಳಲು ಜನ ರಾತ್ರಿಯಿಡೀ ಕೂರುತ್ತಾರೆ. ನಮ್ಮ ಸಂಚಿಕೆ ಹೊರಬರುವ ಹೊತ್ತಿಗೆ ಪಂದ್ಯ ಮುಗಿದು ವಾರ ಕಳೆದಿರುತ್ತದೆ, ಫಲಿತಾಂಶ ಊರಿಗೆಲ್ಲ ತಿಳಿದಿರುತ್ತದೆ. ಕೇಳುಗನಿಗೆ ಕೊಡಲು ನಮ್ಮ ಬಳಿ ಉಳಿದಿರುವುದು ಆ ವಾದದ ಭಾಗ ಮಾತ್ರ.

ಮುಂದಿನ ಮಮತಾ ಪೂಜಾರಿ ಯಾರು ಎಂಬ ಪ್ರಶ್ನೆ

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮಕ್ಕಳ ಕ್ರೀಡೆಯ ಬಗ್ಗೆ ಮಾತಾಡಲು ಕುಳಿತರೆ ಹತ್ತು ನಿಮಿಷದೊಳಗೆ ಒಂದು ಪಟ್ಟಿ ಬಂದೇ ಬರುತ್ತದೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯಿಂದ ಹೊರಟು 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳ ಚಿನ್ನದ ಕಬಡ್ಡಿ ತಂಡದಲ್ಲಿದ್ದ ಮಮತಾ ಪೂಜಾರಿ, ಕುಂದಾಪುರದ ಕಡೆಯಿಂದ ಹೋಗಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ವೇಟ್‌ಲಿಫ್ಟಿಂಗ್‌ನ 56 ಕೆ.ಜಿ. ವಿಭಾಗದ ಬೆಳ್ಳಿಯೊಂದಿಗೆ ಭಾರತದ ಪದಕಗಳ ಖಾತೆ ತೆರೆದ ಗುರುರಾಜ ಪೂಜಾರಿ, 2010ರಲ್ಲಿ ಗುವಾಂಗ್‌ಝೌನ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಗೆದ್ದ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ, ಮಂಗಳೂರಿನಲ್ಲಿ ಬೆಳೆದು ಏಷ್ಯನ್ ಕೂಟಗಳಲ್ಲಿ ರಿಲೇ ಚಿನ್ನ ಗೆದ್ದ ಎಂ.ಆರ್. ಪೂವಮ್ಮ. ಪಟ್ಟಿ ಹೆಮ್ಮೆಯದೇ. ಆದರೆ ಉದ್ಘಾಟನಾ ಭಾಷಣಗಳಲ್ಲಿ ಈ ಹೆಸರುಗಳು ಬರುವ ರೀತಿಯನ್ನು ಗಮನಿಸಿದರೆ, ಎದುರಿಗೆ ಬಿಸಿಲಿನಲ್ಲಿ ಸಾಲಾಗಿ ನಿಂತ ಮುನ್ನೂರು ಮಕ್ಕಳಲ್ಲಿ ಆ ಒಬ್ಬರು ಯಾರೆಂದು ಹುಡುಕುವುದಕ್ಕಾಗಿಯೇ ಕೂಟ ನಡೆಯುತ್ತಿದೆ, ಉಳಿದವರೆಲ್ಲ ಹುಡುಕಾಟದ ಹೊಟ್ಟು, ಎಂಬ ಧ್ವನಿ ಅದರಲ್ಲಿರುತ್ತದೆ. ಪಾಡ್‌ಕಾಸ್ಟ್ ಮಾಡುವವರನ್ನೂ ಇದೇ ಆಸೆ ಎಳೆಯುತ್ತದೆ. ಮುಂದೆ ದೊಡ್ಡವಳಾಗಬಹುದಾದ ಹುಡುಗಿಯ ದನಿಯನ್ನು ಹದಿನೈದನೆಯ ವಯಸ್ಸಿನಲ್ಲೇ ಹಿಡಿದಿಟ್ಟೆವೆಂದು ಹೇಳಿಕೊಳ್ಳುವುದರಲ್ಲಿ ಸುಖವಿದೆ.

ನಡೆಯುವುದು ಮಾತ್ರ ಬೇರೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮೆರಡು ಜಿಲ್ಲೆಗಳು ರಾಜ್ಯದ ಮೊದಲೆರಡು ಸ್ಥಾನಗಳನ್ನು ಹಂಚಿಕೊಳ್ಳುವುದು ವಾಡಿಕೆಯೆಂಬಷ್ಟಾಗಿದೆ. 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, 2025ರಲ್ಲಿ ಶೇ 91.12ರೊಂದಿಗೆ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಆ ಸ್ಥಾನ ಪುಕ್ಕಟೆಯಾಗಿ ಬರುವುದಿಲ್ಲ. ನವೆಂಬರ್ ದಾಟಿತೆಂದರೆ ಹತ್ತನೇ ತರಗತಿಯವರಿಗೆ ಸಂಜೆಯ ವಿಶೇಷ ತರಗತಿಗಳು ಶುರುವಾಗುತ್ತವೆ, ಸಂಜೆಯ ಮೈದಾನ ಎಂಟು ಒಂಬತ್ತನೆಯವರಿಗೆ ಉಳಿಯುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡವರ ಬೂಟುಗಳು ಅಟ್ಟ ಸೇರುತ್ತವೆ. ರಾಷ್ಟ್ರ ಮಟ್ಟದ ಪ್ರಮಾಣಪತ್ರವಿದ್ದವರಿಗೆ ಮುಂದೆ ವೃತ್ತಿಶಿಕ್ಷಣದ ಸೀಟಿನಲ್ಲಿ ಕ್ರೀಡಾ ಮೀಸಲಿನ ದಾರಿಯೊಂದಿದೆ, ಅದಕ್ಕಾಗಿ ಪ್ಲಾಸ್ಟಿಕ್ ಹಾಳೆಗಳ ಫೈಲಿನಲ್ಲಿ ಕಾಗದಗಳನ್ನು ಜೋಪಾನ ಮಾಡುವ ತಂದೆಯರನ್ನೂ ಕಂಡಿದ್ದೇನೆ. ವಲಯ ಮಟ್ಟದಲ್ಲಿ ಸೋತವರಿಗೆ ಆ ಫೈಲೂ ಇಲ್ಲ. ಒಳ್ಳೆಯ ಆಟಗಾರರನ್ನು ಉಚಿತವಾಗಿ ಸೇರಿಸಿಕೊಂಡು ಓದಿಸುವ ಕ್ರೀಡಾ ದತ್ತು ಯೋಜನೆಯಿರುವ ದೊಡ್ಡ ವಸತಿ ಶಾಲೆಗಳ ತಂಡ ಎದುರಾದರೆ ಸೋಲು ಬಹುತೇಕ ಖಚಿತ. ಹಳ್ಳಿ ಶಾಲೆಗಳ ಪಿ.ಟಿ. ಮಾಸ್ಟರುಗಳ ಬಾಯಲ್ಲಿ ಇದರ ಬಗ್ಗೆ ಕಹಿ ಮಾತುಗಳಿವೆ, ಅದೇ ಶಾಲೆಗಳಿಗೆ ತಮ್ಮ ಒಳ್ಳೆಯ ಓಟಗಾರ್ತಿಯನ್ನು ತಾವೇ ಕೈಹಿಡಿದು ಸೇರಿಸಿ ಬಂದವರೂ ಅವರೇ. ಈ ವಿಷಯಕ್ಕೆ ಬೇರೆಯೇ ಬರಹ ಬೇಕು. ನನಗಿಲ್ಲಿ ಹೇಳಬೇಕಾದದ್ದು ಇಷ್ಟೇ: ಹದಿನೈದು ವರ್ಷದ ಬಹುಪಾಲು ಮಕ್ಕಳಿಗೆ ಆ ಮಳೆಗಾಲದ ಆಟ ಯಾವುದರ ಸಿದ್ಧತೆಯೂ ಅಲ್ಲ. ಅವರ ಕ್ರೀಡಾ ಬದುಕು ಎಂದರೆ ಅದೇ, ಪೂರ್ತಿ ಅಷ್ಟೇ. ಅದನ್ನು ಮುಂದಿನ ಯಾವುದೋ ಪದಕದ ಪೀಠಿಕೆಯೆಂದು ಕೇಳಿಸಿಕೊಂಡರೆ ಅದರೊಳಗಿರುವುದು ಕಿವಿಗೆ ಬೀಳುವುದೇ ಇಲ್ಲ.

ಹೆಸರು ಹೇಳುವುದೋ ಬಿಡುವುದೋ

ಪತ್ರಿಕೆಗಳಲ್ಲಿ ಮಕ್ಕಳ ಹೆಸರಿಲ್ಲವೆಂದು ಮುನಿದು ಹೊರಟ ನಾವು, ಮಕ್ಕಳ ಹೆಸರು ಹೇಳಬಹುದೇ ಎಂಬಲ್ಲಿಗೇ ಬಂದು ನಿಂತದ್ದು ವಿಚಿತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ ಹೆತ್ತವರ ಸಮ್ಮತಿಯನ್ನು ಕೇಳುತ್ತದೆ. ಕಾನೂನಿನ ಮಾತು ಹಾಗಿರಲಿ, ಅದಿಲ್ಲದಿದ್ದರೂ ಮನೆಯವರನ್ನು ಕೇಳದೆ ಹುಡುಗಿಯೊಬ್ಬಳ ದನಿಯನ್ನು ಊರ ತುಂಬ ಕಳುಹಿಸುವುದು ಸರಿಯಲ್ಲ. ಹಾಗಾಗಿ ಪ್ರತಿ ಸಂಚಿಕೆಗೂ ಮುನ್ನ ಮನೆಗಳಿಗೆ ಹೋಗುತ್ತೇವೆ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ತಾಯಿಯೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, ‘ಫೋಟೋ ಬರುವುದಿಲ್ಲವಾ? ಬರೀ ಮಾತಾ?’ ಎಂದು ಖಚಿತ ಮಾಡಿಕೊಂಡ ಮೇಲೆ ಒಪ್ಪಿದರು. ಫೋಟೋ ಬಾರದಿರುವುದು ಅವರಿಗೆ ನಿರಾಸೆಯೋ ನೆಮ್ಮದಿಯೋ ಎಂಬುದು ಮುಖದಲ್ಲಿ ತಿಳಿಯಲಿಲ್ಲ.

ಸಮ್ಮತಿಯಿಂದಲೂ ಬಗೆಹರಿಯದ ಪ್ರಸಂಗವೊಂದು ಅಜ್ಜರಕಾಡಿನ ಕೂಟದ ದಿನ ಎದುರಾಯಿತು. ಬಾಲಕಿಯರ 4x100 ಮೀಟರ್ ರಿಲೇಯಲ್ಲಿ ನಾವು ಹಿಂಬಾಲಿಸುತ್ತಿದ್ದ ಶಾಲೆ ಮೂರನೆಯ ಹಂತದವರೆಗೆ ಎರಡನೆಯ ಸ್ಥಾನದಲ್ಲಿತ್ತು. ಕೋಲು ಬದಲಾಗಬೇಕಾದ 30 ಮೀಟರ್ ವಲಯದಲ್ಲಿ ಮೂರನೆಯವಳ ಕೈಯಿಂದ ನಾಲ್ಕನೆಯವಳ ಕೈಗೆ ಹೋಗುವಾಗ ಅದು ನೆಲಕ್ಕೆ ಬಿತ್ತು. ಆಮೇಲೆ ಕಾರಿನಲ್ಲಿ ಕುಳಿತು ಮೂರನೆಯವಳು ಹೇಳಿದ ಮಾತು ಆವರೆಗೆ ನಾವು ಮುದ್ರಿಸಿದ್ದರಲ್ಲೆಲ್ಲ ಅತ್ಯಂತ ಸೂಕ್ಷ್ಮವಾದದ್ದು. ಶಾಲೆಯ ಅಂಗಳದಲ್ಲಿ ನೂರು ಮೀಟರ್ ನೆಟ್ಟಗೆ ಓಡಲು ಜಾಗವಿಲ್ಲದ್ದರಿಂದ ಬೆಳಗ್ಗೆ ಬಸ್ಸು ಬರುವ ಮುನ್ನ ಊರಿನ ರಸ್ತೆಯಲ್ಲಿ ಪಿವಿಸಿ ಪೈಪಿನ ತುಂಡು ಹಿಡಿದು ಅಭ್ಯಾಸ ಮಾಡಿದ್ದು, ತಿರುಗಿ ನೋಡದೆ ಕೈ ಹಿಂದೆ ಚಾಚುವುದನ್ನು ಕಲಿಯಲು ನಾಲ್ಕನೆಯವಳು ಹೆದರುತ್ತಿದ್ದದ್ದು, ಪೈಪು ಕೋಲಿಗಿಂತ ದಪ್ಪವಿದ್ದದ್ದರಿಂದ ನಿಜವಾದ ಕೋಲು ಕೈಗೆ ಬಂದಾಗ ಹಿಡಿತವೇ ಬೇರೆಯಾದದ್ದು, ಮತ್ತು ಕೊನೆಗೆ, ‘ಅವಳು ಅರ್ಧ ಹೆಜ್ಜೆ ಬೇಗ ಓಡಿದಳು, ನಾನು ಕರೆದೆ, ಅವಳಿಗೆ ಕೇಳಲಿಲ್ಲ’ ಎಂಬ ಮಾತು. ಅವಳು ದೂರುತ್ತಿರಲಿಲ್ಲ, ನಡೆದದ್ದನ್ನು ವಿವರಿಸುತ್ತಿದ್ದಳು. ನಾಲ್ಕನೆಯವಳು ಮಾತಾಡಲು ಬರಲಿಲ್ಲ.

ಹೆಸರು ತೆಗೆದು ಪ್ರಕಟಿಸಬಹುದು ಎಂಬುದು ಗೆಳೆಯನ ಮೊದಲ ಸಲಹೆ. ಬೆಂಗಳೂರಿನ ಕೇಳುಗನಿಗೆ ಅದು ಸಾಕು. ಆದರೆ ನಮ್ಮ ಕೇಳುಗರು ಆ ಹುಡುಗಿಯ ಬಸ್ಸಿನಲ್ಲೇ ಬರುವವರು, ಅವಳ ಅಮ್ಮನ ಜತೆ ಹಾಲಿನ ಡೇರಿಯಲ್ಲಿ ನಿಲ್ಲುವವರು. ರಿಲೇಯಲ್ಲಿ ನಾಲ್ಕನೆಯವಳು ಯಾರೆಂದು ಅವರಿಗೆ ಹೆಸರಿಲ್ಲದೆಯೂ ಗೊತ್ತು. ಸಣ್ಣ ಊರಿನಲ್ಲಿ ಹೆಸರು ಮುಚ್ಚುವುದರಿಂದ ಯಾರೂ ಮರೆಯಾಗುವುದಿಲ್ಲ. ಪತ್ರಿಕೆಯ ವರದಿಯಲ್ಲಿ ಆಡಿದವರ ಹೆಸರಿಲ್ಲದಿರುವುದು, ಯಾರೂ ಉದ್ದೇಶಿಸದಿದ್ದರೂ, ಇಂಥ ಹುಡುಗಿಗೆ ಒಂದು ಮರೆಯಾಗಿ ಒದಗುತ್ತಿತ್ತೆಂಬುದು ನನಗೆ ಆಗ ಹೊಳೆಯಿತು, ಆ ವರದಿಗಳ ಮೇಲಿನ ನನ್ನ ಸಿಟ್ಟು ತುಸು ತಗ್ಗಿತು ಕೂಡ. ಕೊನೆಗೆ ರಸ್ತೆಯ ಅಭ್ಯಾಸ, ಪೈಪು, ಹೆದರಿಕೆ ಕಳೆದ ಬಗೆ ಇವಿಷ್ಟನ್ನು ಇಟ್ಟುಕೊಂಡು, ಕೋಲು ಬಿದ್ದದ್ದನ್ನು ನಾನೇ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋದೆ. ಆ ಸಂಚಿಕೆಯ ಅತ್ಯುತ್ತಮ ಮೂರು ನಿಮಿಷ ಯಾರೂ ಕೇಳದೆ ಲ್ಯಾಪ್‌ಟಾಪಿನಲ್ಲಿ ಉಳಿಯಿತೆಂದು ಗೆಳೆಯ ಈಗಲೂ ಗೊಣಗುತ್ತಾನೆ. ಅವನ ಮಾತು ನಿಜ. ಆ ಮೂರು ನಿಮಿಷದ ಮೇಲೆ ನಮಗೆ ಹಕ್ಕಿರಲಿಲ್ಲ ಎಂಬುದೂ ನಿಜ.

ಕೇಳುವವರು

ಪಾಡ್‌ಕಾಸ್ಟ್ ಎಂದರೆ ಒಂದು ಕಡೆ ಏರಿಸಿದ ಧ್ವನಿಕಡತ ಫೀಡ್ ಮೂಲಕ ಸ್ಪಾಟಿಫೈ, ಆಪಲ್ ಮುಂತಾದ ಆ್ಯಪ್‌ಗಳಿಗೆಲ್ಲ ತಾನಾಗಿ ಹೋಗುವ ವ್ಯವಸ್ಥೆ. ನಾವೂ ಅದನ್ನು ಶ್ರದ್ಧೆಯಿಂದ ಮಾಡಿದೆವು, ಆದರೆ ನಮ್ಮ ಕೇಳುಗರು ಇರುವುದು ಅಲ್ಲಿ ಅಲ್ಲ. ಅರ್ಧ ಗಂಟೆಯ ಸಂಚಿಕೆಯನ್ನು ಮಾನೋದಲ್ಲಿ 64 ಕೆಬಿಪಿಎಸ್‌ಗೆ ಇಳಿಸಿದರೆ ಸುಮಾರು 14 ಎಂಬಿಯಾಗುತ್ತದೆ, ಅದನ್ನು ವಾಟ್ಸ್‌ಆ್ಯಪಿನಲ್ಲಿ ಪಿ.ಟಿ. ಮಾಸ್ಟರಿಗೆ ಕಳುಹಿಸಿದರೆ ಅಲ್ಲಿಂದ ಹೆತ್ತವರ ಗುಂಪಿಗೆ, ಭಜನಾ ಮಂಡಳಿಯ ಗುಂಪಿಗೆ, ಮುಂಬೈಯ ಹೋಟೆಲಿನಲ್ಲಿರುವ ಮಾವನಿಗೆ, ದುಬೈಯಲ್ಲಿರುವ ಅಣ್ಣನಿಗೆ ಹೋಗುತ್ತದೆ. ಎಷ್ಟು ಮಂದಿ ಕೇಳಿದರೆಂಬ ಲೆಕ್ಕ ಯಾವ ಪರದೆಯ ಮೇಲೂ ಕಾಣುವುದಿಲ್ಲ. ಮಣಿಪಾಲದ ಸಮುದಾಯ ಬಾನುಲಿ, ಮಂಗಳೂರಿನ ರೇಡಿಯೋ ಸಾರಂಗ್‌ನಂಥ ಕೇಂದ್ರಗಳು ತಮ್ಮ ಸುತ್ತಲಿನ ಕೆಲವೇ ಕಿಲೋಮೀಟರುಗಳ ಕೇಳುಗರನ್ನು ನಂಬಿ ನಡೆಯುತ್ತಿವೆ. ನಮ್ಮ ಹರವೂ ಹೆಚ್ಚುಕಡಿಮೆ ಅಷ್ಟೇ, ಮುಂಬೈ ದುಬೈಗಳನ್ನು ಬಿಟ್ಟರೆ. ಪ್ರಾಯೋಜಕರಾಗಲು ಮುಂದೆ ಬಂದ ಒಬ್ಬರು ಕೇಳುಗರ ಸಂಖ್ಯೆ ಕೇಳಿ ಹಿಂದೆ ಸರಿದರು, ಅವರದೇನೂ ತಪ್ಪಿಲ್ಲ.

ಅನಿರೀಕ್ಷಿತವಾಗಿ ಒದಗಿದ ಕೇಳುಗರೆಂದರೆ ಎದುರಾಳಿ ಶಾಲೆಯವರು. ಕಾಪು ಕಡೆಯ ಆ ಕಬಡ್ಡಿ ಸಂಚಿಕೆ ಹೊರಬಂದ ಮೇಲೆ, ಎಡ ಕಾರ್ನರಿನಲ್ಲಿ ನಿಂತಿದ್ದ ಹುಡುಗಿ ತನ್ನ ಮಾಸ್ಟರ ಫೋನಿನಿಂದ ಒಂದು ಧ್ವನಿಸಂದೇಶ ಕಳುಹಿಸಿದಳು. ಜಾರಿ ಬಿದ್ದದ್ದಲ್ಲ, ಬೇಕೆಂದೇ ಬಿದ್ದದ್ದು, ಮೊದಲೆರಡು ಸಲ ಜಾರಿದ್ದೂ ಸುಮ್ಮನೆ ತೋರಿಸಲಿಕ್ಕೆ ಎಂದು ಅವಳ ವಾದ. ನಾವು ಅದನ್ನು ಸೋತ ತಂಡದ ಹುಡುಗಿಗೆ ಮುಟ್ಟಿಸಿದೆವು; ಅವಳು ಒಂದಿಷ್ಟೂ ನಂಬಲಿಲ್ಲ. ಇಬ್ಬರ ಮನೆಯವರ ಒಪ್ಪಿಗೆ ಪಡೆದು ಆ ಎರಡೂ ಸಂದೇಶಗಳನ್ನು ಮುಂದಿನ ಸಂಚಿಕೆಯ ಕೊನೆಗೆ ಸೇರಿಸಿದ್ದೇವೆ.

ಈಗ ನಮ್ಮಿಬ್ಬರ ನಡುವೆ ಉಳಿದಿರುವ ತಕರಾರು ಅಂಕಗಳದು. ಪಂದ್ಯದ ಫಲಿತಾಂಶವನ್ನು ಸಂಚಿಕೆಯ ಮೊದಲ ವಾಕ್ಯದಲ್ಲೇ ಹೇಳಿಬಿಡಬೇಕೆಂಬುದು ನನ್ನ ಹಟ. ಇಂಥ ಶಾಲೆ ಇಷ್ಟು ಅಂಕಗಳಿಂದ ಸೋತಿತು, ಇನ್ನು ಆಟ ಹೇಗೆ ನಡೆಯಿತೆಂದು ಕೇಳಿ, ಎಂದು ಶುರುಮಾಡಿದರೆ ಸೋಲು ಕಥೆಯ ಕೊನೆಯಲ್ಲಿ ಬಂದು ಮಕ್ಕಳ ತಲೆಯ ಮೇಲೆ ಬೀಳುವುದು ತಪ್ಪುತ್ತದೆ. ತಾಳಮದ್ದಲೆಯ ಮಾತನ್ನು ನನಗೆ ಕಲಿಸಿದ ಗೆಳೆಯನೇ ಈ ವಿಷಯದಲ್ಲಿ ತಿರುಗಿಬಿದ್ದಿದ್ದಾನೆ. ಕರ್ಣನ ಕಥೆ ಎಲ್ಲರಿಗೂ ಗೊತ್ತು, ಸರಿ. ಆದರೆ ದುಬೈಯಲ್ಲಿರುವ ಅಣ್ಣನಿಗೆ ತಂಗಿಯ ಪಂದ್ಯದ ಫಲಿತಾಂಶ ಗೊತ್ತಿಲ್ಲದಿರಬಹುದು, ಅವನಿಗೆ ಅರ್ಧ ಗಂಟೆಯಾದರೂ ಅವಳು ಗೆಲ್ಲಬಹುದೆಂಬ ಆಸೆ ಇರಲಿ ಎನ್ನುತ್ತಾನೆ. ಖೋ ಖೋ ಸಂಚಿಕೆಯನ್ನು ನನ್ನ ಕ್ರಮದಲ್ಲಿ ಮಾಡಿದೆವು. ಬ್ರಹ್ಮಾವರ ಕಡೆಯ ವಾಲಿಬಾಲ್ ಸಂಚಿಕೆ ಅವನ ಕ್ರಮದಲ್ಲಿ ಬರಲಿದೆ, ಅದರ ಅಂಕಗಳನ್ನು ಇಲ್ಲಿ ಬರೆಯಬಾರದೆಂದು ಅವನು ತಾಕೀತು ಮಾಡಿದ್ದಾನೆ.